ಸೋತ ಕಾಲುವೆ, ಉಳಿದ ದಾರಿ

ನಾಲೆ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಗದ್ದೆಗೆ ನೀರು ಹರಿಸುವ ಕಾಲುವೆ. ವಿಶ್ವೇಶ್ವರಯ್ಯ ನಾಲೆಯಾಗಲಿ, ತುಂಗಭದ್ರೆಯ ಎಡದಂಡೆ ನಾಲೆಯಾಗಲಿ, ಅವುಗಳ ಕೆಲಸ ಇಷ್ಟೆ: ಅಣೆಕಟ್ಟಿನಿಂದ ಹೊರಟು, ಇಳಿಜಾರು ಹಿಡಿದು, ಹೊಲಗದ್ದೆಗಳನ್ನು ಮುಟ್ಟುವುದು. ನಾಲೆಯ ಪಕ್ಕದಲ್ಲಿ ಏರಿ, ಏರಿಯ ಮೇಲೊಂದು ಮಣ್ಣುದಾರಿ. ನೀರಾವರಿ ಇಲಾಖೆಯ ಜೀಪಿಗೆಂದು ಮಾಡಿದ ಆ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಶಾಲೆಗೆ ಹೋದವರು ಮಂಡ್ಯದ ಕಡೆಯಲ್ಲೂ ಗಂಗಾವತಿಯ ಕಡೆಯಲ್ಲೂ ಬೇಕಾದಷ್ಟು ಜನ ಇದ್ದಾರೆ.

ಯೂರೋಪ್ ಮತ್ತು ಅಮೆರಿಕಗಳಲ್ಲಿ ಇನ್ನೂರು ವರ್ಷಗಳ ಹಿಂದೆ ತೋಡಿದ ಅನೇಕ ಕಾಲುವೆಗಳ ಉದ್ದೇಶವೇ ಬೇರೆ. ಅವು ನೀರನ್ನು ಹೊಲಕ್ಕೆ ಒಯ್ಯಲು ತೋಡಿದವಲ್ಲ, ನೀರಿನ ಮೇಲೆ ಸರಕು ಸಾಗಿಸಲು ತೋಡಿದವು. ನಮ್ಮ ದೇಶದಲ್ಲೂ ಅಂಥದೊಂದಿತ್ತು, ಆಂಧ್ರ ಮತ್ತು ತಮಿಳುನಾಡಿನ ಕರಾವಳಿಯುದ್ದಕ್ಕೂ ಸಾಗುವ ಬಕಿಂಗ್‌ಹ್ಯಾಂ ಕಾಲುವೆ. ಇಂಥ ಕಾಲುವೆಯಲ್ಲಿ ನೀರು ಹೆಚ್ಚು ಕಡಿಮೆ ನಿಂತಂತೆಯೇ ಇರುತ್ತದೆ. ದೋಣಿಗೆ ಉದ್ದನೆಯ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ದಡದ ಮೇಲೆ ನಡೆಯುವ ಕುದುರೆಗೋ ಹೇಸರಗತ್ತೆಗೋ ಬಿಗಿದರೆ ದೋಣಿ ಸಾಗಿತು. ಗಾಡಿಗೆ ಕಟ್ಟಿದಾಗ ಒಂದೆರಡು ಟನ್ ಎಳೆಯಲು ಏದುಸಿರು ಬಿಡುವ ಕುದುರೆ, ನಿಂತ ನೀರಿನ ಮೇಲೆ ಅದರ ಇಪ್ಪತ್ತು ಪಟ್ಟು ಭಾರವನ್ನು ನಿಧಾನವಾಗಿ ಎಳೆದುಕೊಂಡು ಹೋಗಬಲ್ಲದು. ರೈಲು ಬರುವ ಮುಂಚಿನ ಜಗತ್ತಿನಲ್ಲಿ ಇದಕ್ಕಿಂತ ಅಗ್ಗದ ಸಾಗಾಟ ಇರಲಿಲ್ಲ.

ಹೇಸರಗತ್ತೆ ನಡೆಯಲು ದಡದ ಮೇಲೆ ದಾರಿ ಬೇಕು. ಆ ದಾರಿ ಸಮತಟ್ಟಾಗಿರಬೇಕು, ಎಲ್ಲೂ ತುಂಡಾಗಬಾರದು, ಹಗ್ಗಕ್ಕೆ ಸಿಕ್ಕಿಕೊಳ್ಳುವ ಮರಗಿಡ ಇರಬಾರದು. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಬಡಾವಣೆಯಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್ ಊರಿನವರೆಗೆ, ಪೊಟೊಮ್ಯಾಕ್ ನದಿಯ ಎಡದಂಡೆ ಹಿಡಿದು ಅಂಥದೊಂದು ದಾರಿ ಇದೆ. ಉದ್ದ 184.5 ಮೈಲಿ, ಎಂದರೆ ಸುಮಾರು 297 ಕಿಲೋಮೀಟರ್. ಅಗಲ ಮೂಲದಲ್ಲಿ 12 ಅಡಿ. ಚೆಸಪೀಕ್ ಮತ್ತು ಒಹಾಯೋ ಕಾಲುವೆಯ ಏರಿ ಅದು. ಇಂದು ಅದರ ಮೇಲೆ ಒಂದು ಕಾರಾಗಲಿ ಮೋಟಾರ್ ಸೈಕಲ್ಲಾಗಲಿ ಓಡುವುದಿಲ್ಲ. ನಡೆಯುವವರು, ಓಡುವವರು ಮತ್ತು ಸೈಕಲ್ ಸವಾರರು ಕಾಡಿನ ನೆರಳಲ್ಲಿ, ಜಲ್ಲಿಪುಡಿಯ ಹಾದಿಯಲ್ಲಿ ದಿನಗಟ್ಟಲೆ ಸಾಗಬಹುದು. ಬೆಂಗಳೂರಿನಿಂದ ಹಾವೇರಿಯ ಸಮೀಪದವರೆಗೆ ಒಂದೂ ಮೋಟಾರು ವಾಹನ ಎದುರಾಗದೆ ಸೈಕಲ್ ತುಳಿದಂತೆ ಎಂದರೆ ದೂರದ ಅಂದಾಜು ಸಿಕ್ಕೀತು.

ಈ ದಾರಿಯನ್ನು ಸೈಕಲ್ಲಿಗೆಂದು ಯಾರೂ ಮಾಡಲಿಲ್ಲ. ಒಂದು ದೊಡ್ಡ ವ್ಯಾಪಾರ ದಿವಾಳಿಯಾದ ಕಾರಣಕ್ಕೆ ಅದು ಉಳಿಯಿತು. ಮುಂದೊಮ್ಮೆ ಮೋಟಾರು ರಸ್ತೆಯಾಗುವುದರಿಂದಲೂ ಅದು ಕೂದಲೆಳೆಯಲ್ಲಿ ಪಾರಾಯಿತು.

ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ ಪೂರ್ವ ಕರಾವಳಿಗೂ ಅಪಲೇಚಿಯನ್ ಬೆಟ್ಟಸಾಲಿನ ಆಚೆಯ ಒಹಾಯೋ ನದಿಗೂ ನಡುವೆ ಸರಕಿನ ದಾರಿ ಬೇಕೆಂಬ ಹಂಬಲ ಎಲ್ಲರಿಗೂ ಇತ್ತು. ಜಾರ್ಜ್ ವಾಷಿಂಗ್ಟನ್ ಅವರೇ 1785ರಲ್ಲಿ ಪೊಟೊಮ್ಯಾಕ್ ನದಿಯನ್ನು ದೋಣಿಗೆ ಅನುಕೂಲ ಮಾಡುವ ಕಂಪೆನಿಯೊಂದರ ಮುಂದಾಳಾಗಿದ್ದರು. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಈರೀ ಕಾಲುವೆ ಪೂರ್ತಿಯಾಗಿ ಹಣದ ಹೊಳೆ ಹರಿಸತೊಡಗಿದಾಗ, ದಕ್ಷಿಣದ ಊರುಗಳಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. 1828ರ ಜುಲೈ 4ರಂದು, ಸ್ವಾತಂತ್ರ್ಯ ದಿನದಂದೇ, ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಹೊಸ ಕಾಲುವೆಗೆ ಗುದ್ದಲಿಪೂಜೆ ಮಾಡಿದರು. ಸಲಿಕೆ ಬೇರಿಗೆ ತಗುಲಿ ಮಣ್ಣು ಏಳಲಿಲ್ಲ. ಅಧ್ಯಕ್ಷರು ಕೋಟು ಬಿಚ್ಚಿಟ್ಟು ಮತ್ತೆ ಅಗೆದರು, ನೆರೆದ ಜನ ಚಪ್ಪಾಳೆ ತಟ್ಟಿದರು.

ಅದೇ ದಿನ ನಲವತ್ತು ಮೈಲಿ ದೂರದ ಬಾಲ್ಟಿಮೋರಿನಲ್ಲಿ ಇನ್ನೊಂದು ಸಮಾರಂಭ ನಡೆಯುತ್ತಿತ್ತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅಂದು ಬದುಕಿದ್ದ ಒಬ್ಬರೇ ಒಬ್ಬರು, 90 ವರ್ಷದ ಚಾರ್ಲ್ಸ್ ಕ್ಯಾರಲ್, ಬಾಲ್ಟಿಮೋರ್ ಮತ್ತು ಒಹಾಯೋ ರೈಲುದಾರಿಗೆ ಅಡಿಗಲ್ಲು ಇಟ್ಟರು. ಎರಡೂ ಯೋಜನೆಗಳ ಗುರಿ ಒಂದೇ, ಒಹಾಯೋ ನದಿ. ಎರಡೂ ಹಿಡಿದದ್ದು ಪೊಟೊಮ್ಯಾಕ್ ಕಣಿವೆಯನ್ನೇ. ಕಣಿವೆ ಇಕ್ಕಟ್ಟಾಗುವ ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿ ಯಾರಿಗೆ ಮೊದಲ ಹಕ್ಕು ಎಂದು ಕೋರ್ಟಿನಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು 1832ರಲ್ಲಿ ಕಾಲುವೆ ಗೆದ್ದಿತು. ವ್ಯಾಜ್ಯ ಗೆದ್ದದ್ದಷ್ಟೇ ಬಂತು. ರೈಲು 1842ರಲ್ಲೇ ಕಂಬರ್‌ಲ್ಯಾಂಡ್ ಮುಟ್ಟಿತು. ಕಾಲುವೆ ಅಲ್ಲಿಗೆ ತಲಪಿದ್ದು 1850ರಲ್ಲಿ. ಅಲ್ಲಿಂದ ಮುಂದೆ ಬೆಟ್ಟ ಹತ್ತುವ ಆಸೆಯನ್ನೇ ಕಂಪೆನಿ ಬಿಟ್ಟುಕೊಟ್ಟಿತು. ಹೆಸರಿನಲ್ಲಿರುವ ಒಹಾಯೋ ಹೆಸರಾಗಿಯೇ ಉಳಿಯಿತು.

ತಡವಾಗಲು ಕಾರಣಗಳು ಹಲವು. ಅಗೆಯಲು ಬಂದವರಲ್ಲಿ ಬಹುಪಾಲು ಐರ್ಲೆಂಡಿನ ಬಡವರು. 1832ರಲ್ಲಿ ಅವರ ಬಿಡಾರಗಳಿಗೆ ಕಾಲರಾ ಬಡಿಯಿತು. ಕೂಲಿ ಸರಿಯಾಗಿ ಸಿಗದೆ, ಗುಂಪುಗಳ ನಡುವೆ ಕಾದಾಟಗಳಾಗಿ, 1834ರ ಜನವರಿಯಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಸೈನ್ಯ ಕಳಿಸಿದರು. ಕಾರ್ಮಿಕರ ಗಲಭೆಯನ್ನು ಅಡಗಿಸಲು ಅಮೆರಿಕದ ಕೇಂದ್ರ ಸರ್ಕಾರ ಸೈನ್ಯವನ್ನು ಬಳಸಿದ್ದು ಅದೇ ಮೊದಲು. ಇಂದು ಈ ಹಾದಿಯಲ್ಲಿ ಹಕ್ಕಿಯ ಕೂಗು ಕೇಳುತ್ತ ಸಾಗುವವರಿಗೆ ಈ ಸಂಗತಿ ಎಲ್ಲೂ ಕಣ್ಣಿಗೆ ಬೀಳದು.

ಪಾ ಪಾ ಸುರಂಗದ ಕಥೆ ಹೇಳಿದರೆ ಉಳಿದದ್ದೆಲ್ಲ ಅರ್ಥವಾದೀತು. ಒಂದೆಡೆ ಪೊಟೊಮ್ಯಾಕ್ ನದಿ ಹಾವಿನಂತೆ ಬಳುಕುತ್ತ ಆರು ಮೈಲಿ ಸುತ್ತು ಹಾಕುತ್ತದೆ. ದಡದಲ್ಲಿ ಕಡಿದಾದ ಬಂಡೆ. ಎಂಜಿನಿಯರುಗಳು ನದಿಯನ್ನು ಬಿಟ್ಟು ಬೆಟ್ಟವನ್ನೇ ಕೊರೆಯುವ ತೀರ್ಮಾನ ಮಾಡಿದರು. 1836ರಲ್ಲಿ ಕೆಲಸ ಹಿಡಿದ ಗುತ್ತಿಗೆದಾರ ಲೀ ಮಾಂಟ್‌ಗೊಮರಿ ಎಂಬ ಪಾದ್ರಿ ಒಂದೆರಡು ವರ್ಷದಲ್ಲಿ ಮುಗಿಸಿಕೊಡುವ ಭರವಸೆಯಲ್ಲಿದ್ದ. ಬಂಡೆ ಅವನ ಲೆಕ್ಕಕ್ಕೆ ಒಗ್ಗಲಿಲ್ಲ. ಪದರು ಪದರಾದ ಸಡಿಲ ಕಲ್ಲು ಕುಸಿಯುತ್ತಲೇ ಇತ್ತು. ಕೂಲಿ ಬಾಕಿ ಉಳಿಯಿತು, ಹೊಡೆದಾಟವಾಯಿತು, ಮಾಂಟ್‌ಗೊಮರಿ ದಿವಾಳಿಯಾದ, ಕಂಪೆನಿಯ ಬಳಿಯೂ ಹಣ ಮುಗಿದು ಕೆಲಸ ವರ್ಷಗಟ್ಟಲೆ ನಿಂತಿತು. ಕೊನೆಗೆ 14 ವರ್ಷಗಳ ಮೇಲೆ 3,118 ಅಡಿ ಉದ್ದದ ಸುರಂಗ ಸಿದ್ಧವಾಯಿತು. ಒಳಮೈಗೆ ಹೊದಿಸಿದ್ದು ಸುಮಾರು 60 ಲಕ್ಷ ಇಟ್ಟಿಗೆ. ಒಳಗೆ ಒಂದು ದೋಣಿಗಷ್ಟೆ ಜಾಗ, ಅದರ ಬದಿಗೆ ಹೇಸರಗತ್ತೆಗೆಂದು ಕಟ್ಟೆಯಂಥ ಸಣ್ಣ ದಾರಿ. ಎದುರುಬದುರಾದ ಇಬ್ಬರು ದೋಣಿಯವರು ಹಿಂದೆ ಸರಿಯಲು ಒಪ್ಪದೆ ದಿನಗಟ್ಟಲೆ ಹಟ ಹಿಡಿದು ಕುಳಿತಾಗ, ಕಂಪೆನಿಯವರು ಸುರಂಗದ ಬಾಯಲ್ಲಿ ಹೊಗೆ ಹಾಕಿ ಇಬ್ಬರನ್ನೂ ಓಡಿಸಿದರಂತೆ. ಆ ಕಡೆಯ ಜನ ಈಗಲೂ ಹೇಳುವ ಕಥೆ ಇದು.

ಇಂದು ಸೈಕಲ್ ಸವಾರರು ಇಲ್ಲಿ ಇಳಿದು, ಬ್ಯಾಟರಿ ಹೊತ್ತಿಸಿಕೊಂಡು, ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತಾರೆ. ನಡುವಿನಲ್ಲಿ ಎರಡೂ ಬಾಯಿಗಳು ಬೆಳಕಿನ ಚುಕ್ಕೆಗಳಷ್ಟೆ. ಕೈಗೆ ಸಿಗುವ ಕಟಕಟೆಯ ಮರದಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ.

ಕಾಲುವೆ ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ತಿಳಿಯಬೇಕು. ಹಾದಿಯ ಈಗಿನ ಗುಣವೆಲ್ಲ ಅದರಿಂದಲೇ ಬಂದದ್ದು. ಕಂಬರ್‌ಲ್ಯಾಂಡಿನಿಂದ ಜಾರ್ಜ್‌ಟೌನಿಗೆ ನೆಲ 605 ಅಡಿ ಇಳಿಯುತ್ತದೆ. ನೀರು ಹರಿದುಹೋಗದೆ ನಿಂತಿರಬೇಕಾದರೆ ಈ ಇಳಿತವನ್ನು ಮೆಟ್ಟಿಲುಗಳಾಗಿ ಒಡೆಯಬೇಕು. ಅಂಥ ಮೆಟ್ಟಿಲಿಗೆ ಲಾಕ್ ಎಂದು ಹೆಸರು. ಎರಡು ಕಡೆ ಮರದ ಕದಗಳಿರುವ ಕಲ್ಲಿನ ತೊಟ್ಟಿ ಅದು. ಮೇಲಿನಿಂದ ಬಂದ ದೋಣಿ ತೊಟ್ಟಿಯೊಳಗೆ ಸೇರಿದ ಮೇಲೆ ಹಿಂದಿನ ಕದ ಮುಚ್ಚಿ ನೀರನ್ನು ಕೆಳಕ್ಕೆ ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಸುಮಾರು ಎಂಟು ಅಡಿ ಇಳಿಯುತ್ತದೆ. ಆಗ ಮುಂದಿನ ಕದ ತೆರೆದರೆ ದಾರಿ ಸುಗಮ. ಇಂಥ 74 ಲಾಕ್‌ಗಳು ಈ ಕಾಲುವೆಯಲ್ಲಿವೆ. ಪಕ್ಕದಲ್ಲೇ ಕಾವಲುಗಾರನ ಕಲ್ಲುಮನೆ. ಹಗಲಾಗಲಿ ರಾತ್ರಿಯಾಗಲಿ ದೋಣಿಯ ಕಹಳೆ ಕೇಳಿಸಿದೊಡನೆ ಅವನು ಎದ್ದು ಬರಬೇಕು. ಆ ಮನೆಗಳಲ್ಲಿ ಕೆಲವನ್ನು ದುರಸ್ತಿ ಮಾಡಿ ರಾತ್ರಿ ತಂಗುವ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಏರ್ಪಾಡು ಇತ್ತೀಚಿನ ದಶಕಗಳಲ್ಲಿ ಬಂದಿದೆ.

ಎಂದರೆ, ಒಂದು ಲಾಕಿನಿಂದ ಇನ್ನೊಂದರವರೆಗೆ ಏರಿಯ ದಾರಿ ಅಂಗೈಯಂತೆ ಸಮ. ಲಾಕ್ ಬಂದಾಗ ಮಾತ್ರ ಒಂದಾಳೆತ್ತರದ ಪುಟ್ಟ ಏರು ಅಥವಾ ಇಳಿಜಾರು. ಬೆಟ್ಟನಾಡಿನ ನಡುವೆ 297 ಕಿಲೋಮೀಟರ್ ತುಳಿದರೂ ಸವಾರನ ತೊಡೆ ಸೋಲದಿರುವುದಕ್ಕೆ ಕಾರಣ ಸೈಕಲ್ಲಿನ ಗೇರುಗಳಲ್ಲ, ನೂರೆಂಬತ್ತು ವರ್ಷಗಳ ಹಿಂದಿನ ಈ ಮೆಟ್ಟಿಲು ಲೆಕ್ಕ.

ದೋಣಿಗಳು ಸುಮಾರು 90 ಅಡಿ ಉದ್ದ. ಒಂದೊಂದೂ ನೂರು ಟನ್ನಿಗೂ ಮೀರಿದ ಕಲ್ಲಿದ್ದಲನ್ನು ಹೊತ್ತು ಕಂಬರ್‌ಲ್ಯಾಂಡಿನ ಗಣಿಗಳಿಂದ ಬರುತ್ತಿದ್ದವು. ಎರಡು ಜೊತೆ ಹೇಸರಗತ್ತೆಗಳು: ಒಂದು ಜೊತೆ ದಡದಲ್ಲಿ ಎಳೆಯುವಾಗ ಇನ್ನೊಂದು ಜೊತೆ ದೋಣಿಯ ಮುಂಭಾಗದ ಲಾಯದಲ್ಲಿ ವಿಶ್ರಮಿಸುತ್ತಿತ್ತು. ಆರು ಗಂಟೆಗೊಮ್ಮೆ ಪಾಳಿ ಬದಲು. ದೋಣಿಯವನ ಹೆಂಡತಿ ಮಕ್ಕಳೆಲ್ಲ ದೋಣಿಯಲ್ಲೇ ಸಂಸಾರ. ಹೇಸರಗತ್ತೆಗಳ ಜೊತೆ ಬರಿಗಾಲಲ್ಲಿ ನಡೆಯುವ ಕೆಲಸ ಬಹುಮಟ್ಟಿಗೆ ಮಕ್ಕಳದು. 1870ರ ದಶಕದಲ್ಲಿ ವ್ಯಾಪಾರ ಶಿಖರ ಮುಟ್ಟಿ, ಒಂದು ವರ್ಷ ಒಂಬತ್ತು ಲಕ್ಷ ಟನ್ನಿಗೂ ಹೆಚ್ಚು ಸರಕು ಸಾಗಿತು.

ಆಮೇಲೆ ಇಳಿಮುಖ. 1889ರ ಮಹಾಪ್ರವಾಹದಲ್ಲಿ ಏರಿ ಅಲ್ಲಲ್ಲಿ ಕೊಚ್ಚಿಹೋಗಿ ಕಂಪೆನಿ ಮುಳುಗಿತು. ಆಗ ಅದನ್ನು ಕೈಗೆ ತೆಗೆದುಕೊಂಡದ್ದು ಯಾರು? ಅದೇ ಬಾಲ್ಟಿಮೋರ್ ಮತ್ತು ಒಹಾಯೋ ರೈಲು ಕಂಪೆನಿ. ಪ್ರೀತಿಯಿಂದಲ್ಲ. ಕಾಲುವೆಯ ಜಾಗ ಹರಾಜಾದರೆ ಎದುರಾಳಿ ರೈಲು ಕಂಪೆನಿ ಅಲ್ಲಿ ಹಳಿ ಹಾಕೀತೆಂಬ ಭಯದಿಂದ. ಮುಚ್ಚಲೂ ಇಲ್ಲ, ಬೆಳೆಸಲೂ ಇಲ್ಲ. ಹೆಸರಿಗೆ ನಡೆಸುತ್ತ, ಜಾಗ ಕಾಯುತ್ತ ಕುಳಿತಿತು. ಊರ ನಡುವೆ ಬೆಲೆಬಾಳುವ ನಿವೇಶನಕ್ಕೆ ಬೇಲಿ ಹಾಕಿ ಪಾಳು ಬಿಡುವವರ ಜಾಣತನದಂಥದೇ ಇದು. ಆದರೆ ಈ ಜಾಣತನದಿಂದಲೇ 184 ಮೈಲಿಯ ಪಟ್ಟಿ ತುಂಡುತುಂಡಾಗಿ ಮಾರಾಟವಾಗದೆ ಒಂದೇ ಕೈಯಲ್ಲಿ ಉಳಿಯಿತು. 1924ರಲ್ಲಿ ಮತ್ತೊಂದು ಪ್ರವಾಹ ಬಂದಾಗ ದೋಣಿಗಳು ಶಾಶ್ವತವಾಗಿ ನಿಂತವು.

1938ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಕೇಂದ್ರ ಸರ್ಕಾರ ಇಡೀ ಕಾಲುವೆಯನ್ನು 20 ಲಕ್ಷ ಡಾಲರಿಗೆ ಕೊಂಡು ರಾಷ್ಟ್ರೀಯ ಉದ್ಯಾನ ಇಲಾಖೆಗೆ ವಹಿಸಿತು. ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ರೂಸ್‌ವೆಲ್ಟ್ ಸರ್ಕಾರ ಕಟ್ಟಿದ್ದ ಸಂರಕ್ಷಣಾ ದಳದ ಎರಡು ಶಿಬಿರಗಳು ಜಾರ್ಜ್‌ಟೌನ್ ಕಡೆಯ 22 ಮೈಲಿಯನ್ನು ದುರಸ್ತಿ ಮಾಡಿದವು. ಆ ಶಿಬಿರಗಳಲ್ಲಿದ್ದವರು ಕಪ್ಪು ಯುವಕರು. ಬಿಳಿಯರ ಶಿಬಿರಗಳು ಬೇರೆ ಇರುತ್ತಿದ್ದ ಕಾಲ ಅದು. ಹೂಳೆತ್ತಿ, ಏರಿ ಕಟ್ಟಿ, ಲಾಕ್‌ಗಳನ್ನು ನಿಲ್ಲಿಸಿದವರು ಅವರು. ಇಂದು ಅತಿ ಹೆಚ್ಚು ಜನ ಓಡಾಡುವುದು ಅವರು ಸರಿಪಡಿಸಿದ ಭಾಗದಲ್ಲೇ.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಕ್ಕೆ ಕಾರಿನ ಹುಚ್ಚು ಹಿಡಿಯಿತು. ನದಿಯ ಪಕ್ಕ, ಸಮತಟ್ಟಾದ, ಸರ್ಕಾರದ ಕೈಯಲ್ಲೇ ಇರುವ 184 ಮೈಲಿ ಉದ್ದದ ಜಾಗ. ಇದರ ಮೇಲೆ ಕಾರುಗಳ ವಿಹಾರಕ್ಕೆ ಚೆಂದದ ರಸ್ತೆ ಮಾಡಿದರೇನು ಎಂಬ ಯೋಜನೆ ಎದ್ದಿತು. ಹಾಳುಬಿದ್ದ ಕಾಲುವೆಯನ್ನು ನೋಡುವವರು ಯಾರು, ರಸ್ತೆಯಾದರೆ ಸಾವಿರಾರು ಕುಟುಂಬಗಳು ಕಣಿವೆಯ ಸೊಬಗನ್ನು ಕಂಡಾವು ಎಂಬುದು ವಾದ. 1954ರ ಜನವರಿ 3ರಂದು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ಸಂಪಾದಕೀಯ ಬರೆದು ಯೋಜನೆಯನ್ನು ಬೆಂಬಲಿಸಿತು. ವಾದದಲ್ಲಿ ತಿರುಳಿಲ್ಲದಿರಲಿಲ್ಲ. ರಸ್ತೆಯೆಂದರೆ ಎಲ್ಲರಿಗೂ ಎಂಬುದು ಆ ಕಾಲದ ಪ್ರಾಮಾಣಿಕ ನಂಬಿಕೆ.

ಅದನ್ನು ಓದಿ ಕೆರಳಿದವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಓ. ಡಗ್ಲಸ್. ಎಳವೆಯ ಕಾಯಿಲೆಯಿಂದ ಸೊರಗಿದ್ದ ಕಾಲುಗಳನ್ನು ಬೆಟ್ಟ ಹತ್ತಿ ಹತ್ತಿ ಗಟ್ಟಿ ಮಾಡಿಕೊಂಡೆನೆಂದು ಬರೆದುಕೊಂಡವರು ಅವರು. ನಮ್ಮ ಹಿಮಾಲಯದಲ್ಲೂ ಅಲೆದು 1952ರಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದವರು. ರಾಜಧಾನಿಯಲ್ಲಿ ಬಿಡುವು ಸಿಕ್ಕಾಗಲೆಲ್ಲ ಈ ಏರಿಯ ಮೇಲೆ ಮೈಲಿಗಟ್ಟಲೆ ನಡೆಯುವುದು ಅವರ ರೂಢಿ. ಅವರು ಪತ್ರಿಕೆಗೆ ಬರೆದ ಪತ್ರ ಜನವರಿ 19ರಂದು ಅಚ್ಚಾಯಿತು. ಸಂಪಾದಕೀಯ ಬರೆದವರು ಬಿಡುವು ಮಾಡಿಕೊಂಡು ಬಂದು ತಮ್ಮೊಡನೆ ಪೂರ್ತಿ ಕಾಲುವೆಯನ್ನು ನಡೆಯಲಿ, ಕಾರಿನ ಕಿಟಕಿಯಿಂದ ಕಾಣದ್ದೂ ಕೇಳದ್ದೂ ಅಲ್ಲಿ ಏನಿದೆಯೆಂದು ತಿಳಿಯಲಿ, ಆಮೇಲೆ ರಸ್ತೆಯ ಮಾತಾಡಲಿ ಎಂಬುದು ಅದರ ಸಾರಾಂಶ. ಪತ್ರಿಕೆಯವರು ಸವಾಲು ಒಪ್ಪಿಕೊಂಡರು.

1954ರ ಮಾರ್ಚ್ 20ರಂದು ಕಂಬರ್‌ಲ್ಯಾಂಡಿನಿಂದ ತಂಡ ಹೊರಟಿತು. ಸಂಪಾದಕೀಯ ಪುಟದ ಮುಖ್ಯಸ್ಥ ರಾಬರ್ಟ್ ಎಸ್ಟಬ್ರೂಕ್ ಮತ್ತು ಸಹೋದ್ಯೋಗಿ ಮರ್ಲೊ ಪ್ಯೂಸಿ, ಅರಣ್ಯ ಮತ್ತು ವನ್ಯಜೀವಿಗಳ ಬಗ್ಗೆ ದುಡಿಯುತ್ತಿದ್ದ ಓಲಸ್ ಮ್ಯೂರಿ, ಸಿಗರ್ಡ್ ಓಲ್ಸನ್ ಮೊದಲಾದವರು, ಸುದ್ದಿಗಾರರು, ಛಾಯಾಗ್ರಾಹಕರು. ಹಿಮ ಬಿತ್ತು, ಕಾಲಲ್ಲಿ ಬೊಬ್ಬೆ ಎದ್ದವು, ಒಬ್ಬೊಬ್ಬರೇ ಹಿಂದುಳಿದರು. 55 ವರ್ಷದ ನ್ಯಾಯಮೂರ್ತಿಗಳು ದಿನಕ್ಕೆ 20 ಮೈಲಿಗೂ ಹೆಚ್ಚು ಬಿರುಸಿನಿಂದ ನಡೆದರು. ದಾರಿಯುದ್ದಕ್ಕೂ ಊರಿನವರು ಗುಂಪುಗೂಡಿ ಸ್ವಾಗತಿಸಿದರು. ಎಂಟು ದಿನಗಳ ಮೇಲೆ, ಮಾರ್ಚ್ 27ರಂದು, ವಾಷಿಂಗ್ಟನ್ ಸೇರಿದಾಗ ಪೂರ್ತಿ ನಡೆದವರು ಡಗ್ಲಸ್ ಸೇರಿ ಒಂಬತ್ತೇ ಮಂದಿ. ನಮ್ಮಲ್ಲಿ 1987-88ರಲ್ಲಿ ಪಶ್ಚಿಮ ಘಟ್ಟಗಳನ್ನು ಉಳಿಸಲು ನಡೆದ ಪಾದಯಾತ್ರೆಯನ್ನು ಬಲ್ಲವರಿಗೆ ಈ ವಿಧಾನದ ಬಲ ಬಿಡಿಸಿ ಹೇಳಬೇಕಿಲ್ಲ. ನಡೆದು ನೋಡಿದವನ ಮಾತಿಗೆ ಇರುವ ತೂಕ ನಕ್ಷೆ ನೋಡಿದವನ ಮಾತಿಗೆ ಇರುವುದಿಲ್ಲ.

ಪತ್ರಿಕೆಯ ನಿಲುವು ಬಹುಮಟ್ಟಿಗೆ ಬದಲಾಯಿತು. ಅಲ್ಲೊಂದು ಇಲ್ಲೊಂದು ಕಡೆ ರಸ್ತೆಯಿರಲಿ ಎಂಬ ಮಾತನ್ನು ಅದು ಕೂಡಲೇ ಬಿಡಲಿಲ್ಲವಾದರೂ, ಕಾಲುವೆಯ ಮೇಲೆಯೇ ಡಾಂಬರು ಹಾಸುವ ಯೋಜನೆ ಕೆಲವೇ ವರ್ಷಗಳಲ್ಲಿ ಬಿದ್ದುಹೋಯಿತು. ಹಾಗೆಂದು ಎಂಟು ದಿನದ ನಡಿಗೆಯಿಂದ ಎಲ್ಲ ಬಗೆಹರಿಯಿತೆಂದಲ್ಲ. ಪೊಟೊಮ್ಯಾಕ್‌ಗೆ ಅಣೆಕಟ್ಟು ಕಟ್ಟಬೇಕೆನ್ನುವವರು, ಉದ್ಯಾನವಾದರೆ ಬೇಟೆ ನಿಲ್ಲುತ್ತದೆ ಎನ್ನುವವರು, ಜಮೀನು ಹೋದೀತೆಂದು ಹೆದರಿದವರು, ಎಲ್ಲರೂ ಅಡ್ಡ ನಿಂತರು. 1961ರ ಜನವರಿಯಲ್ಲಿ ಅಧಿಕಾರ ಬಿಡುವ ಮುನ್ನ ಅಧ್ಯಕ್ಷ ಐಸೆನ್‌ಹೋವರ್ ಕಾಲುವೆಯ ಮೇಲ್ಭಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಶಾಸನಸಭೆಯನ್ನು ಕೇಳದೆ ಮಾಡಿದರೆಂಬ ಮುನಿಸಿನಲ್ಲಿ ಹಣ ಬರಲಿಲ್ಲ. ಇಡೀ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾದದ್ದು 1971ರ ಜನವರಿ 8ರಂದು, ಅಧ್ಯಕ್ಷ ನಿಕ್ಸನ್ ಸಹಿಯೊಂದಿಗೆ. ಡಗ್ಲಸ್ ನಡೆದ ಮೇಲೆ 17 ವರ್ಷ ಕಳೆದಿತ್ತು.

ಆ ಕಾಯಿದೆಯ ಇನ್ನೊಂದು ಮುಖವನ್ನೂ ಹೇಳಬೇಕು. ಉದ್ಯಾನದ ವಿಸ್ತಾರ ಸುಮಾರು 20,000 ಎಕರೆಗೆ ಏರಿತು. ಏರಿಯ ಎರಡು ಬದಿಯ ಖಾಸಗಿ ಜಮೀನನ್ನೂ ಮನೆಗಳನ್ನೂ ಸರ್ಕಾರ ಕೊಂಡುಕೊಂಡಿತು. ಹಲವರು ಮನಸ್ಸಿಲ್ಲದೆ ಕೊಟ್ಟರು. ಇಂದು ಸವಾರರು ಮೆಚ್ಚುವ ನಿರ್ಜನ ಹಾದಿಯಲ್ಲಿ, ಕೆಲವೆಡೆ, ಹಿಂದೆ ಜನ ವಾಸವಿದ್ದರು.

1972ರಲ್ಲಿ ಕ್ಯಾಲಿಫೋರ್ನಿಯದ ಕಣಿವೆಯೊಂದರ ಮೊಕದ್ದಮೆಯಲ್ಲಿ ಡಗ್ಲಸ್ ಬರೆದ ಭಿನ್ನ ತೀರ್ಪು ಪ್ರಸಿದ್ಧವಾಗಿದೆ. ಹಡಗಿಗೂ ಕಂಪೆನಿಗೂ ಕೋರ್ಟಿನಲ್ಲಿ ವ್ಯಕ್ತಿಯ ಸ್ಥಾನ ಇರಬಹುದಾದರೆ ನದಿಗೂ ಮರಕ್ಕೂ ಏಕಿರಬಾರದು ಎಂದು ಅವರು ಕೇಳಿದರು. ಈ ಏರಿಯ ಮೇಲಿನ ನಡಿಗೆಗೂ ಆ ಪ್ರಶ್ನೆಗೂ ನಂಟು ಇದ್ದಿರಲೇಬೇಕು. 1977ರಲ್ಲಿ ಉದ್ಯಾನವನ್ನು ಅವರಿಗೇ ಅರ್ಪಿಸಲಾಯಿತು.

ಇನ್ನು ಹಾದಿಯ ಮೈ. ದೋಣಿಯ ಕಾಲದಲ್ಲಿ ಅದು ಗಟ್ಟಿಸಿದ ಮಣ್ಣು. ಕೈಬಿಟ್ಟ ಮೇಲೆ ಬೇರು, ಗುಂಡಿ, ಮಳೆ ಬಂದರೆ ಕೆಸರು. ಎಷ್ಟೋ ವರ್ಷ ಸೈಕಲ್ ಸವಾರರು ಇಲ್ಲಿ ಮಡ್‌ಗಾರ್ಡಿಗೆ ಕೆಸರು ಮೆತ್ತಿಕೊಂಡೇ ಸಾಗುತ್ತಿದ್ದರು. 2018ರಿಂದೀಚೆಗೆ ಹಂತಹಂತವಾಗಿ ಹಲವು ಭಾಗಗಳಿಗೆ ಜಲ್ಲಿಪುಡಿ ಹಾಸಿ ಬಿಗಿಮಾಡಲಾಗಿದೆ. ಜಲ್ಲಿ ಎಂದರೆ ಹೊಳೆಯ ಉರುಟುಗಲ್ಲಲ್ಲ. ಉರುಟುಗಲ್ಲು ಚಕ್ರದ ಕೆಳಗೆ ಜಾರುತ್ತದೆ. ಒಡೆದ ಕಲ್ಲಿಗೆ ಮೂಲೆ ಮೊನೆ ಇರುವುದರಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ನಡುವಿನ ಸಂದಿಯನ್ನು ಪುಡಿ ತುಂಬುತ್ತದೆ, ತುಳಿದಷ್ಟೂ ಗಟ್ಟಿ. ಈ ಗುಟ್ಟನ್ನು ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ರಸ್ತೆಗಳಲ್ಲಿ 1816ರಿಂದ ಮಾಡಿ ತೋರಿಸಿದವನು ಜಾನ್ ಮೆಕಾಡಂ. ನಮ್ಮ ಲೋಕೋಪಯೋಗಿ ಇಲಾಖೆಯ ಕಡತಗಳಲ್ಲಿ ಇಂದಿಗೂ ಅವನ ಹೆಸರು ಓಡಾಡುತ್ತದೆ.

ಡಾಂಬರು ಹಾಕಬಾರದಿತ್ತೆ? ಪ್ರವಾಹ ಬಂದಾಗ ಡಾಂಬರು ಚಪ್ಪಡಿ ಚಪ್ಪಡಿಯಾಗಿ ಎದ್ದುಹೋಗುತ್ತದೆ, ಜಲ್ಲಿಯಾದರೆ ಮತ್ತೆ ಹರಡಬಹುದು. ಐತಿಹಾಸಿಕ ಏರಿಯ ರೂಪವೂ ಕೆಡದು. ಮೇಲಾಗಿ ಡಾಂಬರಿನ ಮೇಲೆ ಸೈಕಲ್ ವೇಗ ಹಿಡಿಯುತ್ತದೆ. ಇಲ್ಲಿ ಗಂಟೆಗೆ 15 ಮೈಲಿಯ ಮಿತಿ ಇದೆ, ನಡೆಯುವವರಿಗೂ ಪ್ರಾಣಿಗಳಿಗೂ ಸವಾರ ದಾರಿ ಬಿಡಬೇಕು, ಹಿಂದಿನಿಂದ ಬರುವಾಗ ಗಂಟೆ ಬಾರಿಸಬೇಕು. ಜಲ್ಲಿಹಾದಿಗೆಂದೇ ಅಗಲ ಟೈರಿನ, ಕಡಿಮೆ ಗಾಳಿಯ ಸೈಕಲ್ಲುಗಳು ಈಗ ಬಂದಿವೆ. 2006ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ಹಳ್ಳಿದಾರಿಗಳಲ್ಲಿ ಬೆರಳೆಣಿಕೆಯ ಸವಾರರಿಂದ ಶುರುವಾದ ಸ್ಪರ್ಧೆಯೊಂದು ದೊಡ್ಡದಾಗಿ, 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಏರಿಯ ಮೇಲೆ ಬರುವ ಬಹುಪಾಲು ಜನರಿಗೆ ಆ ಸ್ಪರ್ಧೆಯ ಗೊಡವೆಯಿಲ್ಲ. ಬುತ್ತಿ ಕಟ್ಟಿಕೊಂಡು ಬರುವ ಸಂಸಾರಗಳು, ಹಳೆಯ ಸೈಕಲ್ಲಿನ ನಿವೃತ್ತರು, ಶಾಲೆಯ ಮಕ್ಕಳು. ವರ್ಷಕ್ಕೆ 40 ಲಕ್ಷಕ್ಕೂ ಮೀರಿ ಜನ ಉದ್ಯಾನಕ್ಕೆ ಬರುವುದು ಕಳೆದ ದಶಕದಲ್ಲಿ ವಾಡಿಕೆಯಾಯಿತು. ಮೇರಿಲ್ಯಾಂಡ್, ವರ್ಜೀನಿಯಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ಬಂದ ನೆಂಟರು ನೋಡುವ ಗ್ರೇಟ್ ಫಾಲ್ಸ್ ಜಲಪಾತವೂ ಈ ಹಾದಿಯ ಮಗ್ಗುಲಲ್ಲೇ ಇದೆ.

ಸವಾರರನ್ನು ಮುತ್ತುವ ಕಾಡು ಹಳೆಯದೆಂದು ತಿಳಿದರೆ ತಪ್ಪು. ದೋಣಿಯ ಕಾಲದ ಛಾಯಾಚಿತ್ರಗಳಲ್ಲಿ ಏರಿ ಬೋಳು ಬೋಳು. ಹಗ್ಗಕ್ಕೆ ತೊಡಕಾಗುವ ಮರವನ್ನು ಬೆಳೆಯಲು ಬಿಡುತ್ತಿರಲಿಲ್ಲ. ಈಗಿನ ನೆರಳೆಲ್ಲ 1924ರ ನಂತರ, ಯಾರೂ ಕಡಿಯದೆ ಬಿಟ್ಟದ್ದರಿಂದ ತಾನಾಗಿ ಬೆಳೆದ ಮರಗಳದ್ದು. ಅವುಗಳ ಅಡಿಯಲ್ಲಿ ಗುಂಪು ಗುಂಪಾಗಿ ಬೆಳೆಯುವ ಗಿಡವೊಂದಿದೆ, ಪಾ ಪಾ. ಸುರಂಗದ ಬಳಿಯ ಊರಿಗೆ ಹೆಸರು ಕೊಟ್ಟದ್ದು ಅದೇ. ನಮ್ಮ ಸೀತಾಫಲದ ಕುಟುಂಬಕ್ಕೆ ಸೇರಿದ ಈ ಗಿಡದ ಹಣ್ಣು ಸೆಪ್ಟೆಂಬರ್ ಹೊತ್ತಿಗೆ ಮಾಗುತ್ತದೆ. ಒಳಗೆ ಕೆನೆಯಂಥ ತಿರುಳು, ಕಪ್ಪು ಬೀಜ.

ವಾಷಿಂಗ್ಟನ್ ಬಳಿಯ ಮೊದಲ ಕೆಲವು ಮೈಲಿ ಮಾತ್ರ ಮೋಟಾರಿನ ಸದ್ದು ಬೆನ್ನು ಬಿಡದು. ಅಲ್ಲಿ ಕಾಲುವೆಯ ಪಕ್ಕದಲ್ಲೇ ಒಂದು ವಿಹಾರ ರಸ್ತೆ 1960ರ ದಶಕದಲ್ಲಿ ಆಗಿಯೇ ಹೋಯಿತು. ಕ್ಲಾರಾ ಬಾರ್ಟನ್ ಹೆಸರಿನ ಈ ರಸ್ತೆಯ ಭರಾಟೆ ಕೇಳಿದವರಿಗೆ, ಉಳಿದ ನೂರೆಪ್ಪತ್ತು ಮೈಲಿಗೂ ಇದೇ ಗತಿ ಬಂದಿದ್ದರೆ ಹೇಗಿರುತ್ತಿತ್ತು ಎಂಬುದು ಊಹೆಗೆ ನಿಲುಕುತ್ತದೆ. ಪಾಯಿಂಟ್ ಆಫ್ ರಾಕ್ಸ್‌ನಲ್ಲಿ ಗೂಡ್ಸ್ ರೈಲು ಧಡಧಡಿಸುತ್ತದೆ. 1842ರಲ್ಲಿ ಪಂದ್ಯ ಗೆದ್ದ ದಾರಿಯಲ್ಲಿ ರೈಲು ಇನ್ನೂ ಓಡುತ್ತಿದೆ.

ಪ್ರವಾಹದ ಕಾಟ ಮುಗಿದಿಲ್ಲ. ಏರಿ ಇರುವುದೇ ನದಿಯ ಕಡೆಗೆ. ಕಾಲುವೆಗೂ ನದಿಗೂ ನಡುವಿನ ಗೋಡೆ ಅದು. 1972, 1985, 1996ರಲ್ಲಿ ಎರಡು ಸಲ, ಹೀಗೆ ನೀರು ಏರಿದಾಗಲೆಲ್ಲ ಹಾದಿ ತುಂಡಾಗಿದೆ. ಬಿಗ್ ಸ್ಲ್ಯಾಕ್‌ವಾಟರ್ ಎಂಬಲ್ಲಿ ಬಂಡೆಗೂ ನದಿಗೂ ನಡುವಿನ ಎರಡೂವರೆ ಮೈಲಿಯಷ್ಟು ದಾರಿ ಕೊಚ್ಚಿಹೋಗಿ, ಸವಾರರು ವರ್ಷಗಟ್ಟಲೆ ಕಾರುಗಳ ನಡುವೆ ಕಿರಿದಾದ ರಸ್ತೆಯಲ್ಲಿ ಬಳಸಿಕೊಂಡು ಹೋಗಬೇಕಾಗಿತ್ತು. 2012ರಲ್ಲಿ ನೀರಿನ ಅಂಚಿಗೆ ಕಾಂಕ್ರೀಟಿನ ಕಾಲುಸೇತುವೆ ಕಟ್ಟಿದ ಮೇಲೆ ಮೋಟಾರಿಲ್ಲದ ಹಾದಿ ಮತ್ತೆ ಕೂಡಿಕೊಂಡಿತು. ಇಂಥ ದುರಸ್ತಿಗೆ ಪ್ರತಿ ಸಲವೂ ಸರ್ಕಾರದ ಮುಂದೆ ಕೈಯೊಡ್ಡಬೇಕು. ಸುಂಕ ತರುವ ದೋಣಿಗಳು ಈಗಿಲ್ಲ.

ಕಂಬರ್‌ಲ್ಯಾಂಡಿನಲ್ಲಿ ಕಾಲುವೆ ಮುಗಿಯುವ ಕಡೆ ಹಳೆಯ ರೈಲು ನಿಲ್ದಾಣವೊಂದಿದೆ. ಅದರ ಬಳಿಯಿಂದಲೇ ಇನ್ನೊಂದು ಜಲ್ಲಿಹಾದಿ ಹೊರಟು, ಮುಚ್ಚಿಹೋದ ವೆಸ್ಟರ್ನ್ ಮೇರಿಲ್ಯಾಂಡ್ ರೈಲುದಾರಿಯ ನೆಲವನ್ನು ಹಿಡಿದು ಅಪಲೇಚಿಯನ್ ಬೆಟ್ಟ ಹತ್ತುತ್ತದೆ. ಕಾಲುವೆಯ ಜಾಗಕ್ಕೆ ಕಣ್ಣು ಹಾಕೀತೆಂದು ಒಂದು ಕಾಲದಲ್ಲಿ ಬಾಲ್ಟಿಮೋರ್ ಕಂಪೆನಿ ಹೆದರಿದ್ದ ಎದುರಾಳಿ ರೈಲು ಇದೇ. 2,392 ಅಡಿ ಎತ್ತರದಲ್ಲಿ ಜಲವಿಭಜಕ ರೇಖೆಯನ್ನು ದಾಟಿ, ಆಚೆ ಬದಿ ಇಳಿದು, 150 ಮೈಲಿ ಸಾಗಿ, ಈ ಹಾದಿ ಪಿಟ್ಸ್‌ಬರ್ಗ್ ಸೇರುತ್ತದೆ. ಅಲ್ಲಿ ಎರಡು ನದಿಗಳು ಕೂಡಿ ಒಹಾಯೋ ಆಗುತ್ತದೆ. 2013ರಲ್ಲಿ ಇದರ ಕೊನೆಯ ತುಂಡು ಪೂರ್ತಿಯಾಯಿತು. 1828ರಲ್ಲಿ ಆಡಮ್ಸ್ ಅಗೆಯತೊಡಗಿದ ಹಾದಿ ದೋಣಿಗೆ ದಕ್ಕದೆ ಹೋಗಿ, 185 ವರ್ಷಗಳ ಮೇಲೆ ಸೈಕಲ್ಲಿಗೆ ದಕ್ಕಿತು. ಎರಡು ಹಾದಿಗಳೂ ಸೇರಿ ಸುಮಾರು 335 ಮೈಲಿ. ಐದಾರು ಮೈಲಿಗೊಂದರಂತೆ ಏರಿಯ ಬದಿಯಲ್ಲಿ ಡೇರೆ ಹಾಕುವ ಜಾಗ, ನೀರಿಗೆ ಕೈಪಂಪು. ಆತುರವಿಲ್ಲದ ಸವಾರರು ಪಿಟ್ಸ್‌ಬರ್ಗ್‌ನಿಂದ ಜಾರ್ಜ್‌ಟೌನಿಗೆ ಒಂದು ವಾರ ತೆಗೆದುಕೊಳ್ಳುತ್ತಾರೆ. ಕಲ್ಲಿದ್ದಲು ಹೊತ್ತ ದೋಣಿಗೆ ಕಂಬರ್‌ಲ್ಯಾಂಡಿನಿಂದ ಇಳಿದು ಬರಲು ಹೆಚ್ಚು ಕಡಿಮೆ ಅಷ್ಟೇ ದಿನ ಹಿಡಿಯುತ್ತಿತ್ತು.